ಹನ್ನೊಂದು ಸಹಿ

ನವೆಂಬರ್ 3, ಸೋಮವಾರ. ಹಾನಗಲ್ಲ

ಆಕಾಶದಲ್ಲಿ ಒಂಬೈನೂರ ಅರವತ್ತೆರಡು ಗಂಟೆ ಹಾರಿ ಒಂದು ತರಚುಗಾಯವನ್ನೂ ಕಾಣದವನು ಶಿಗ್ಗಾಂವ ಬಸ್ ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಬಿದ್ದು ಕಾಲು ಮುರಿದುಕೊಂಡೆ. ಅದೂ ಮೂರೇ ಮೆಟ್ಟಿಲು. ದೀಪಾವಳಿಗೆಂದು ನಾಲ್ಕು ದಿನ ಊರಿಗೆ ಬಂದವನಿಗೆ ಈಗ ಆರು ವಾರ ಪಡಸಾಲೆಯ ಮಂಚವೇ ಗತಿ. ಎಡಗಾಲಿನ ಪ್ಲಾಸ್ಟರಿನ ಒಳಗೆ ತುರಿಕೆ. ಅವ್ವನ ಹತ್ತಿರ ಉಲ್ಲನ್ ಹೆಣೆಯುವ ಕಡ್ಡಿ ಇಸಿದುಕೊಂಡು ತುರಿಸಿಕೊಳ್ಳುವುದೇ ದಿನದ ಕೆಲಸ.

ನಮ್ಮಂಥವರಿಗೆ ಹಾರಿದ್ದನ್ನೆಲ್ಲ ಬರೆದಿಡುವ ಚಟ. ಯಾವ ವಿಮಾನ, ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಇಳಿಯಿತು, ಜೊತೆಗೆ ಯಾರಿದ್ದರು, ಎಲ್ಲ ಲಾಗ್‌ಬುಕ್ಕಿಗೆ ಏರಬೇಕು. ಹಾರದ ದಿನಕ್ಕೆ ಅದರಲ್ಲಿ ಜಾಗವಿಲ್ಲ. ಅದಕ್ಕೇ ಈ ಡೈರಿ. ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಮನಸ್ಸಿಗೆ ಬಂದದ್ದನ್ನು ಬರೆಯುತ್ತೇನೆ.

ಇವತ್ತು ಬೆಳಿಗ್ಗೆ ಫೋನಿನಲ್ಲಿ ಬಂದ ಸುದ್ದಿ: ಸಣ್ಣ ಊರುಗಳಿಗೆ ಎಪ್ಪತ್ತು ಸೀಟಿನ ವಿಮಾನ ಬಿಡುವ ಆ ಕಂಪನಿ ಹೊಸ ಪೈಲಟ್‌ಗಳಿಗೆ ಕೇಳುತ್ತಿದ್ದ ಸಾವಿರ ಗಂಟೆಯ ಅನುಭವವನ್ನು ಇನ್ನೂರ ಐವತ್ತಕ್ಕೆ ಇಳಿಸಿದೆ. ಪೈಲಟ್‌ಗಳ ಕೊರತೆಯಂತೆ. ಹನ್ನೆರಡು ಜನ ಬೇಕಂತೆ. ಅರ್ಜಿಗೆ ಇದೇ ಇಪ್ಪತ್ತು ಕೊನೆಯ ದಿನ.

ಸಾವಿರ ಮುಟ್ಟಲೆಂದೇ ಐದು ವರ್ಷ ಮಹಾರಾಷ್ಟ್ರದ ಆ ಫ್ಲೈಯಿಂಗ್ ಸ್ಕೂಲಿನಲ್ಲಿ ಕಂಡವರ ಮಕ್ಕಳಿಗೆ ಹಾರಲು ಕಲಿಸಿದೆ. ಇದ್ದದ್ದು ಮೂರು ವಿಮಾನ, ಎರಡು ಸದಾ ರಿಪೇರಿ. ವಾರಕ್ಕೆ ನಾಲ್ಕು ಗಂಟೆ ಸಿಕ್ಕರೆ ಹಬ್ಬ. ಇನ್ನು ಮೂವತ್ತೆಂಟು ಗಂಟೆ ಬಾಕಿ ಇತ್ತು, ಕೇವಲ ಮೂವತ್ತೆಂಟು. ಈಗ ಇನ್ನೂರ ಐವತ್ತು ಸಾಕಂತೆ! ಹಾಗಾದರೆ ನಾನೂ ಅರ್ಜಿ ಹಾಕಬಹುದಲ್ಲ ಎನ್ನಬಹುದು. ಹಾಕಬಹುದಿತ್ತು, ಎರಡು ಕಾಲಿದ್ದರೆ. ಪ್ಲಾಸ್ಟರ್ ಹಾಕಿಕೊಂಡವನಿಗೆ ಮೆಡಿಕಲ್ ಸರ್ಟಿಫಿಕೇಟ್ ಯಾರು ಕೊಡುತ್ತಾರೆ?

"ಮಾರಿ ಯಾಕ ಹಿಂಗ ಮಾಡಿ? ಕಾಲ ನೋಯಾಕತ್ತೈತೇನು?" ಎಂದು ಅವ್ವ ಕೇಳಿದಳು. ಹೌದು ಅಂದೆ.

ನವೆಂಬರ್ 4, ಮಂಗಳವಾರ

ನನ್ನ ಕೈಕೆಳಗೆ ಕಲಿತವರಲ್ಲಿ ಇನ್ನೂರ ಐವತ್ತು ದಾಟಿದವರು ಯಾರೆಂದು ಮನಸ್ಸಿನಲ್ಲೇ ಹುಡುಕಿದೆ. ಒಬ್ಬಳೇ. ಸವಣೂರಿನ ಆ ಹುಡುಗಿ.



ನವೆಂಬರ್ 7, ಶುಕ್ರವಾರ

ನೆನೆಸಿಕೊಂಡಿದ್ದೇ ತಡ, ಬಂದೇ ಬಿಟ್ಟಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, "ಸರ್, ಕಾಲ ಹೆಂಗೈತ್ರಿ?" ಎಂದಳು. ಕೈಯಲ್ಲಿ ಒಂದು ಡಜನ್ ಮೋಸಂಬಿ. ರೋಗಿಯನ್ನು ನೋಡಲು ಬಂದವರಂತೆ ಬಂದಿದ್ದಳು, ಆದರೆ ಬಗಲಿನ ಚೀಲದಲ್ಲಿ ಲಾಗ್‌ಬುಕ್ಕಿನ ಮೂಲೆ ಕಾಣುತ್ತಿತ್ತು.

ಗುಲ್ನಾರಳಿಗೆ ಇಪ್ಪತ್ಮೂರು ವರ್ಷ. ಅಪ್ಪ ಮೆಹಬೂಬ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುತ್ತಾನೆ. ಅವ್ವನಿಗೆ ಈ ಹುಡುಗಿ ಕಂಡರೆ ಆಗಲೇ ಅಕ್ಕರೆ. ನನಗೆ ಕಪ್ಪು ಚಹಾ, ಅವಳಿಗೆ ಹಾಲಿನ ಚಹಾ.

"ಹನ್ನೊಂದು ಸಹಿ ಉಳದಾವ್ರಿ ಸರ್. ಅಕ್ಟೋಬರದ್ದು. ನಿಮ್ಮ ಜೋಡಿ ಹಾರಿದ್ದು."

ನಮ್ಮ ಸ್ಕೂಲಿನದೊಂದು ಕೆಟ್ಟ ರೂಢಿ ಇದೆ. ಕಲಿಸುವವನು ಇಳಿದ ಕೂಡಲೇ ವಿದ್ಯಾರ್ಥಿಯ ಲಾಗ್‌ಬುಕ್ಕಿಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಆ ಹಾರಾಟ ಲೆಕ್ಕಕ್ಕಿಲ್ಲ. ನಾವು ಸೋಮಾರಿಗಳು ತಿಂಗಳ ಕೊನೆಗೆ ಎಲ್ಲರದ್ದೂ ಗುಡ್ಡೆಹಾಕಿಕೊಂಡು ಒಂದೇ ಸಲಕ್ಕೆ ಹಾಕುತ್ತೇವೆ. ಅಕ್ಟೋಬರ್ ಕೊನೆಗೆ ನಾನು ಈ ಮಂಚದ ಮೇಲಿದ್ದೆ. ಅವಳ ಒಟ್ಟು ಗಂಟೆ ಇನ್ನೂರ ಐವತ್ಮೂರು. ಈ ಹನ್ನೊಂದು ಹಾರಾಟದ ಹದಿಮೂರು ಗಂಟೆ ಬಿಟ್ಟರೆ ಇನ್ನೂರ ನಲವತ್ತು. ಅಂದರೆ ನನ್ನ ಸಹಿ ಬೀಳದೆ ಅವಳ ಅರ್ಜಿ ಇಲ್ಲ.

ಪೆನ್ನು ಕಿಸೆಯಲ್ಲೇ ಇತ್ತು. ಎರಡು ನಿಮಿಷದ ಕೆಲಸ.

"ಪುಸ್ತಕ ಇಟ್ಟ ಹೋಗು. ಎಲ್ಲಾ ತಾಳೆ ಹಾಕಿ ನೋಡಿ ಮಾಡ್ತೇನಿ," ಎಂದೆ.

"ಆತ್ರಿ ಸರ್. ಅವಸರೇನಿಲ್ರಿ." ಆಮೇಲೆ ನಕ್ಕು, "ಸುಳ್ಳು ಹೇಳಿದ್ನಿ. ಅವಸರ ಐತ್ರಿ," ಎಂದಳು.

ಅವಳು ಹೋದ ಮೇಲೆ ಪುಸ್ತಕವನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದೇನೆ. ತಾಳೆ ನೋಡಲು ಏನೂ ಇಲ್ಲ ಎಂದು ನನಗೂ ಗೊತ್ತು.

ನವೆಂಬರ್ 8, ಶನಿವಾರ

ಹಾಕಲಿಲ್ಲ. ನಾಳೆ ನೋಡೋಣ.

ನವೆಂಬರ್ 11, ಮಂಗಳವಾರ

ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಉದ್ದ ಎನ್ನುತ್ತಾರೆ. ಕಿವಿಯ ಪಾಡು ಏನೆಂದು ಯಾರೂ ಕೇಳುವುದಿಲ್ಲ.

ಇವತ್ತು ಅವಳ ಪುಸ್ತಕ ಮೊದಲ ಪುಟದಿಂದ ಓದಿದೆ. ಒಂದು ಕಡೆಯೂ ಹೊಡೆದುಹಾಕಿದ್ದಿಲ್ಲ, ಒಂದು ಕಡೆಯೂ ಕೂಡಿಸಿದ್ದು ತಪ್ಪಿಲ್ಲ. ತಪ್ಪು ಸಿಕ್ಕೀತೆಂದು ಫೋನಿನಲ್ಲಿ ಹಾಕಿ ಕೂಡಿಸಿ ನೋಡಿದವನು ನಾನೇ. ಕೆಲವು ಸಾಲುಗಳ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ ಬರೆದುಕೊಂಡಿದ್ದಾಳೆ. "ದೂರ ನೋಡು, ನೆಲ ತಾನಾಗಿ ಬರುತ್ತದೆ." "ಅಂಜಿದಾಗ ಕೈ ಬಿಗಿಯಬಾರದು." ಯಾರ ಮಾತು ಇವು ಎಂದು ಯೋಚಿಸಿದರೆ, ನನ್ನವೇ.

ಇಲ್ಲಿ ಒಂದು ಮಾತು ಬರೆದುಬಿಡುತ್ತೇನೆ. ಅವಳು ನನಗಿಂತ ಚೆನ್ನಾಗಿ ಹಾರುತ್ತಾಳೆ. ಮೊದಲ ವಾರದಲ್ಲೇ ಅದು ನನಗೆ ಗೊತ್ತಾಗಿತ್ತು. ಅವಳು ಇಳಿಸಿದರೆ ಚಕ್ರ ನೆಲ ಮುಟ್ಟಿದ್ದು ಸದ್ದಿನಿಂದ ತಿಳಿಯಬೇಕು. ನಾನು ಇಳಿಸಿದರೆ ಬೆನ್ನಿನಿಂದ ತಿಳಿಯುತ್ತದೆ. ಅಷ್ಟಾದರೂ ನಾನು ಸರ್, ಅವಳು ಹುಡುಗಿ, ಏಕೆಂದರೆ ನನ್ನ ಪುಸ್ತಕದಲ್ಲಿ ಒಂಬೈನೂರು ಇತ್ತು. ಅವಳಿಗಿಂತ ನನ್ನ ಹತ್ತಿರ ಹೆಚ್ಚಿದ್ದದ್ದು ಗಂಟೆ ಒಂದೇ. ಯಾವನೋ ಆಫೀಸಿನಲ್ಲಿ ಕೂತವನು ಆ ಗಂಟೆ ಬೇಕಿಲ್ಲ ಎಂದುಬಿಟ್ಟ.

ಹೊಟ್ಟೆಕಿಚ್ಚು ಎಂದರೆ ಇದೇ ಇರಬೇಕು. ಪುಸ್ತಕ ಮುಚ್ಚಿಟ್ಟೆ.

ನವೆಂಬರ್ 13, ಗುರುವಾರ

ಎರಡು ಸಲ ಫೋನು ಮಾಡಿದಳು. ಮೊದಲನೆಯ ಸಲ ಎತ್ತಲಿಲ್ಲ. ಎರಡನೆಯ ಸಲ ಅವ್ವ ಎತ್ತಿ ನನ್ನ ಕಿವಿಗೆ ಹಿಡಿದಳು.

"ಸ್ಕೂಲಿನ ರಜಿಸ್ಟರ್ ಜೋಡಿ ನೋಡಬೇಕಾಗೇತಿ. ಅವರು ಫೋಟೋ ಕಳಸಾಕತ್ತಿಲ್ಲ," ಎಂದೆ. ನಾನು ಕೇಳಿದ್ದರಲ್ಲವೇ ಅವರು ಕಳಿಸುವುದು!

"ನಾ ಕೇಳ್ಲೇನ್ರಿ ಸರ್?"

"ಬ್ಯಾಡ ಬ್ಯಾಡ. ನಾ ಕೇಳೇನಿ."

ಫೋನು ಇಟ್ಟ ಮೇಲೆ ಅವ್ವ ನನ್ನನ್ನೇ ನೋಡುತ್ತ ನಿಂತಿದ್ದಳು. "ಸಹಿ ಮಾಡಾಕ ಕಾಲ ಬೇಕೇನೋ ಲೋಹಿ?" ಎಂದಳು.

"ನಿನಗ ಇವೆಲ್ಲಾ ತಿಳಿಯಂಗಿಲ್ಲ ಸುಮ್ಕಿರವ್ವಾ."

"ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದಿದ್ಲಂತ. ಅಷ್ಟ ತಿಳಿತೈತಿ ನನಗ," ಎಂದು ಒಳಗೆ ಹೋದಳು. ಮಗನ ಕಾಲು ಮುರಿದು ಬಿದ್ದಿರುವಾಗ ಆಡುವ ಮಾತೇ ಅದು?

ನವೆಂಬರ್ 15, ಶನಿವಾರ

ಹನ್ನೊಂದರಲ್ಲಿ ಹತ್ತಕ್ಕೆ ಬೇಕಾದರೆ ಈಗಲೇ ಸಹಿ ಹಾಕುತ್ತೇನೆ. ಒಂದು ಸಾಲು ಮಾತ್ರ ನೋಡಲಾಗುವುದಿಲ್ಲ. ಅಕ್ಟೋಬರ್ ಹದಿನಾಲ್ಕು. ಅವಳು ಬರೆದದ್ದು ಇಷ್ಟೇ: "ಅಡ್ಡಗಾಳಿಯಲ್ಲಿ ಇಳಿಯುವ ಅಭ್ಯಾಸ. ಒಂದು ಸಲ ಇಳಿಯದೆ ಮತ್ತೆ ಏರಿದ್ದು."

ಅವತ್ತು ಹೇಗೆ ಇಳಿಸಬೇಕೆಂದು ನಾನು ಮಾಡಿ ತೋರಿಸುತ್ತಿದ್ದೆ. ಬಲಗಡೆಯಿಂದ ಗಾಳಿ ತಳ್ಳುತ್ತಿತ್ತು. ಚಕ್ರ ನೆಲಕ್ಕೆ ಬಡಿದು ವಿಮಾನ ಪುಟಿಯಿತು, ಪುಟಿದು ಒಂದು ಪಕ್ಕಕ್ಕೆ ವಾಲಿತು. ಆಗ ಏನು ಮಾಡಬೇಕೆಂದು ನೂರು ಮಕ್ಕಳಿಗೆ ಪಾಠ ಹೇಳಿದ್ದೇನೆ. ನನ್ನ ಕೈ ಮಾತ್ರ ಇದ್ದಲ್ಲೇ ಇತ್ತು. ಎರಡು ಸೆಕೆಂಡು ಇರಬಹುದು. ರನ್‌ವೇ ಪಕ್ಕದ ಹುಲ್ಲು ಕಿಟಕಿಯ ತುಂಬ ಕಾಣಿಸಿತು.

ಪಕ್ಕದ ಸೀಟಿನಿಂದ ಅವಳು, "ಐ ಹ್ಯಾವ್ ಕಂಟ್ರೋಲ್," ಎಂದಳು.

ಎರಡು ಜನ ಕೂತಲ್ಲಿ ಹಿಡಿಕೆ ಒಬ್ಬರ ಕೈಯಲ್ಲೇ ಇರಬೇಕು. ತೆಗೆದುಕೊಳ್ಳುವವನು ಆ ಮಾತು ಹೇಳಬೇಕು, ಬಿಡುವವನು "ಯು ಹ್ಯಾವ್ ಕಂಟ್ರೋಲ್" ಎಂದು ಕೈ ತೆಗೆಯಬೇಕು. ಗುರು ಶಿಷ್ಯನಿಂದ ಹಾಗೆ ತೆಗೆದುಕೊಳ್ಳುವುದು ದಿನನಿತ್ಯದ ಮಾತು. ಶಿಷ್ಯೆ ಗುರುವಿನಿಂದ ತೆಗೆದುಕೊಂಡದ್ದನ್ನು ನಾನು ಕೇಳಿಲ್ಲ. ನಾನು ಬಿಟ್ಟುಕೊಟ್ಟ ಮಾತು ಹೇಳಿದೆನೋ ಇಲ್ಲವೋ, ಈಗ ನೆನಪಿಲ್ಲ. ಅವಳು ಎಂಜಿನ್ ಪೂರ್ತಿ ಕೊಟ್ಟು ಮೇಲಕ್ಕೆ ಒಯ್ದು, ಒಂದು ಸುತ್ತು ಹಾಕಿ, ಹೂ ಇಟ್ಟಹಾಗೆ ಇಳಿಸಿದಳು.

ಇಳಿದ ಮೇಲೆ, "ಚಾ ಕುಡಿಯೋಣೇನ್ರಿ ಸರ್?" ಎಂದಳು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಮರೆತುಬಿಡುತ್ತಿದ್ದೆ. ಹೇಳದೆ ಇದ್ದದ್ದೇ ನನ್ನನ್ನು ಸುಡುತ್ತಿದೆ.

ನವೆಂಬರ್ 18, ಮಂಗಳವಾರ

ಇವತ್ತು ಮೆಹಬೂಬನೇ ಬಂದ. ನಮ್ಮ ಅಪ್ಪ ಅಕ್ಕಿ ಗಿರಣಿಗೆ ಹೊರಟಿದ್ದವನು ಬಾಗಿಲಲ್ಲೇ ಎದುರಾಗಿ, "ಬರ್ರಿ, ಕುಂದರ್ರಿ" ಎಂದು ಒಳಗೆ ಕರೆತಂದ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಸವಣೂರ ಎಲೆಯ ಕಟ್ಟನ್ನು ಅವ್ವನ ಕೈಗೆ ಕೊಟ್ಟು ನನ್ನ ಎದುರು ಕುರ್ಚಿಯ ತುದಿಯಲ್ಲಿ ಕುಳಿತ. ಸಹಿಯ ಮಾತನ್ನೇ ಎತ್ತಲಿಲ್ಲ. ಮಳೆ, ಎಲೆಯ ರೋಗ, ಬಂಕಾಪುರದ ಹತ್ತಿರ ಬಸ್ಸು ಕೆಟ್ಟದ್ದು, ಎಲ್ಲ ಮಾತಾಡಿದ. ಎದ್ದು ಹೊರಡುವಾಗ ಮಾತ್ರ, "ನಾಡದ ಕಡೀ ದಿನ ಅಂತ್ರಿ ಸಾಹೇಬ್ರ. ಹುಡುಗಿಗೆ ಕೇಳಾಕ ಸಂಕೋಚ. ನನಗೂ ಸಂಕೋಚ ಐತ್ರಿ, ಆದ್ರ ಅಪ್ಪ ಅಲ್ಲೇನ್ರಿ," ಎಂದ.

ಅವ್ವ ಗೋಡೆಯ ಗೂಡಿನಿಂದ ಪುಸ್ತಕ ತೆಗೆದು ತಂದು ನನ್ನ ತೊಡೆಯ ಮೇಲಿಟ್ಟಳು. ಇಬ್ಬರೂ ನೋಡುತ್ತ ನಿಂತರು.

ಹನ್ನೊಂದು ಸಹಿ ಹಾಕಿದೆ. ಅಕ್ಟೋಬರ್ ಹದಿನಾಲ್ಕರ ಸಾಲಿಗೆ ಬಂದಾಗ ಸಹಿಯೊಂದೇ ಹಾಕಲಿಲ್ಲ. ಪಕ್ಕದ ಷರಾ ಬರೆಯುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ: ವಿದ್ಯಾರ್ಥಿನಿ ಬೋಧಕನ ಆದೇಶವಿಲ್ಲದೆ ಕಂಟ್ರೋಲ್ ತೆಗೆದುಕೊಂಡಳು. ಬರೆದು ಅದರ ಕೆಳಗೂ ಸಹಿ ಹಾಕಿದೆ. ಅವ್ವನಿಗಾಗಲಿ ಮೆಹಬೂಬನಿಗಾಗಲಿ ಇಂಗ್ಲಿಷ್ ಬಾರದು.

ಮೆಹಬೂಬ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ನಾನು ತುರಿಕೆಯ ನೆವ ಮಾಡಿ ಪ್ಲಾಸ್ಟರಿನ ಕಡೆ ಬಗ್ಗಿದೆ.

ನವೆಂಬರ್ 19, ಬುಧವಾರ

ಬರೆದದ್ದರಲ್ಲಿ ಸುಳ್ಳೇನಿದೆ? ಆದೇಶ ಕೊಟ್ಟಿದ್ದೆನೇ? ಇಲ್ಲ. ತೆಗೆದುಕೊಂಡಳೇ? ಹೌದು. ಕಂಪನಿಯವರಿಗೆ ತಿಳಿಯಬೇಕಾದ ವಿಷಯ ತಿಳಿಸುವುದು ಬೋಧಕನ ಕರ್ತವ್ಯ. ನಾಳೆ ಇವಳು ಎಪ್ಪತ್ತು ಜನರನ್ನು ಹಿಂದೆ ಕೂರಿಸಿಕೊಂಡು ಕ್ಯಾಪ್ಟನ್ನಿನ ಕೈಯಿಂದ ಹಿಡಿಕೆ ಕಿತ್ತುಕೊಂಡರೆ?

ಮಧ್ಯಾಹ್ನ ಅವ್ವ ಸವಣೂರ ಎಲೆಯಲ್ಲಿ ಅಡಿಕೆ ಸುತ್ತಿ ಕೊಟ್ಟಳು. ಒಲ್ಲೆ ಅಂದೆ.

ನವೆಂಬರ್ 21, ಶುಕ್ರವಾರ

ಸಹಿ ಸಿಕ್ಕಿತು ಎಂದು ಒಂದು ಫೋನೂ ಮಾಡಲಿಲ್ಲ. ಕೆಲಸವಾದ ಮೇಲೆ ಸರ್ ಯಾರು, ನೀನು ಯಾರು. ಅಥವಾ ಓದಿದ್ದಾಳೋ ಏನೋ. ಓದಲಿ.

ನವೆಂಬರ್ 28, ಶುಕ್ರವಾರ

ಹಂಸಭಾವಿಯಿಂದ ಸೋದರಮಾವ ನನ್ನ ಕಾಲು ನೋಡಲು ಬಂದ. ಹಿರೇಕೆರೂರಿನಲ್ಲಿ ಬಸ್ಸು ಕಾಯುವಾಗ ಕೊಂಡ ಪೇಪರು ಬಗಲಲ್ಲಿ. ಕಾಲು ನೋಡುವ ಮೊದಲೇ ಪೇಪರು ಬಿಚ್ಚಿದ. ಒಳಪುಟದಲ್ಲಿ ಗುಲ್ನಾರಳ ಫೋಟೋ: ಎಲೆ ವ್ಯಾಪಾರಿಯ ಮಗಳಿಗೆ ವಿಮಾನ ಕಂಪನಿಯಿಂದ ಸಂದರ್ಶನದ ಕರೆ.

"ಈಕಿ ನಿನ್ನ ಹಂತೇಕ ಕಲ್ತಾಳಂತಲ್ಲೋ! ನೀ ಎಷ್ಟ ವರ್ಷ ಆತು ಹಾರಾಕತ್ತು?"

"ಎಂಟು."

"ಆಕಿ?"

"ಮೂರು."

ಮಾವ ಪೇಪರನ್ನು ನೀಟಾಗಿ ಮಡಚಿ ನನ್ನ ದಿಂಬಿನ ಪಕ್ಕ ಇಟ್ಟ, ಔಷಧಿ ಇಟ್ಟಹಾಗೆ. ಫೋಟೋದ ಕೆಳಗೆ ಅವಳ ಎರಡು ಮಾತು ಹಾಕಿದ್ದಾರೆ. "ನನಗೆ ಕಲಿಸಿದ ಲೋಹಿತ್ ಸರ್ ಹಾನಗಲ್ಲಿನವರು" ಎಂದು. ನನ್ನ ಹೆಸರು ಪೇಪರಿನಲ್ಲಿ ಬಂದದ್ದು ಇದೇ ಮೊದಲು, ಅದೂ ಅವಳ ಫೋಟೋದ ಕೆಳಗೆ. ಆ ಷರಾ ಓದಿಯೂ ಹೀಗೆ ಹೇಳಿದ್ದಾಳೆಯೇ? ಹಾಗಾದರೆ ಓದಿಲ್ಲ.

ಓದದೆ ಇದ್ದರೆ ಸಂದರ್ಶನದ ಕೋಣೆಯಲ್ಲಿ ಅವರು ಪುಸ್ತಕ ತಿರುಗಿಸಿ ಮುಂದಿಟ್ಟಾಗಲೇ ಗೊತ್ತಾಗುವುದು. ಆಗ ಅವಳ ಮುಖ ಹೇಗಾದೀತು ಎಂದು ಯೋಚಿಸಿದೆ. ನೋಡಬೇಕು ಎನ್ನಿಸಿತ್ತು ಮೊದಲು. ಇವತ್ತು ಯಾಕೋ ಅದನ್ನು ಯೋಚಿಸಲು ಆಗಲಿಲ್ಲ.

ಡಿಸೆಂಬರ್ 5, ಶುಕ್ರವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಬೇರೆ ಯಾರದೋ ಇದ್ದಹಾಗಿದೆ, ಬೆಳ್ಳಗೆ, ಸಣಕಲು. ಕೋಲು ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಇನ್ನೊಂದು ತಿಂಗಳಿಗೆ ಮೆಡಿಕಲ್ ಸಿಗಬಹುದು ಎಂದರು ಡಾಕ್ಟರು. ಫೆಬ್ರವರಿಯಲ್ಲಿ ಕಂಪನಿ ಇನ್ನೊಂದು ಸಲ ಕರೆಯುತ್ತದಂತೆ. ಸಂದರ್ಶನ ಮೊನ್ನೆಯೇ ಮುಗಿದಿದೆ. ಏನಾಯಿತೆಂದು ಯಾರನ್ನೂ ಕೇಳಿಲ್ಲ.

ಡಿಸೆಂಬರ್ 8, ಸೋಮವಾರ

ಸ್ಕೂಲಿನ ಮುಖ್ಯಸ್ಥರು ಕ್ಯಾಪ್ಟನ್ ಆನಂದ ಫೋನು ಮಾಡಿದರು. ಧಾರವಾಡದ ಕಡೆಯವರು, ಸಿಟ್ಟು ಬಂದರೆ ಮಾತು ಇನ್ನೂ ಮೆತ್ತಗಾಗುತ್ತದೆ. ಇವತ್ತು ಬಹಳ ಮೆತ್ತಗೆ ಮಾತಾಡಿದರು.

"ಲೋಹಿತ, ಕಂಪನಿಯವರು ಹನ್ನೊಂದು ಮಂದಿ ಹೆಸರು ಹಚ್ಯಾರ. ಹನ್ನೆರಡನೇದ್ದು ತಡದ ಹಿಡದಾರ. ಗುಲ್ನಾರಂದು. ನೀ ಏನೋ ಷರಾ ಬರದಿದ್ಯಂತಲ್ಲ?"

"ಹೌದ್ರಿ ಸರ್."

"ನನಗ ಯಾಕ ಹೇಳಲಿಲ್ಲ ಅದನ್ನ? ಹೋಗ್ಲಿ. ಅವರು ಒಂದು ಫಾರ್ಮ್ ಕಳಸ್ಯಾರ, ನಿನಗ ಮೇಲ್ ಮಾಡೇನಿ. ಶುಕ್ರವಾರದೊಳಗ ತುಂಬಿ ಕಳಸು. ಏನ ಬರೀತಿ ವಿಚಾರ ಮಾಡಿ ಬರಿ. ಆಕಿ ಸುಮ್ಮ ಸುಮ್ಮನ ಕಸಗೊಂಡ್ಲು ಅಂದ್ರ ಆಕಿ ಕೆಲಸ ಹೋತು. ನೀ ಬಿಟ್ಟಕೊಟ್ಟಿ ಅಂದ್ರ ನೀ ಬರದ ಷರಾ ಸುಳ್ಳಾತು, ನಿನ್ನ ಬೋಧಕನ ಲೈಸೆನ್ಸಿಗೆ ವಿಚಾರಣೆ ಆಕ್ಕತಿ. ಫೆಬ್ರವರಿ ಆಶಾ ಬಿಡು. ಎರಡರಾಗ ಒಂದು."

ಫಾರ್ಮು ಬಂದಿದೆ. ತೆರೆದು ನೋಡಿಲ್ಲ.

ಡಿಸೆಂಬರ್ 9, ಮಂಗಳವಾರ

ಏನೂ ಬರೆಯುವಂಥದಿಲ್ಲ.

ಡಿಸೆಂಬರ್ 10, ಬುಧವಾರ

ಕೋಲು ಹಿಡಿದು ಸವಣೂರಿಗೆ ಹೋಗಿಬಂದೆ. ಬಂಕಾಪುರದಲ್ಲಿ ಬಸ್ಸು ಬದಲಿಸುವಾಗ ಮೆಟ್ಟಿಲಿಗೆ ಹೆದರಿ ಕಂಡಕ್ಟರನ ಕೈ ಹಿಡಿದುಕೊಂಡೆ. ಹೊರಟದ್ದು, ಸಂದರ್ಶನಕ್ಕೆ ಮೊದಲೇ ಷರಾ ಓದಿದ್ದಳೋ ಇಲ್ಲವೋ ತಿಳಿದುಕೊಂಡು ಬರೋಣ ಎಂದಷ್ಟೇ.

ಅವಳ ತಾಯಿ ಕುಲಸುಮಬಿ ನನ್ನನ್ನು ಕಂಡವಳೇ ಕುರ್ಚಿ ಒರೆಸಿ, ಕಾಲಿಡಲು ಇನ್ನೊಂದು ಸ್ಟೂಲು ತಂದಿಟ್ಟಳು. ಗುಲ್ನಾರ ಅಂಗಳದಲ್ಲಿ ಎಲೆ ವಿಂಗಡಿಸುತ್ತಿದ್ದಳು. ಹರಿದದ್ದು ಬೇರೆ, ಎಳೆಯದು ಬೇರೆ, ನೂರು ಎಣಿಸಿ ಒಂದು ಕಟ್ಟು. ನನ್ನನ್ನು ನೋಡಿ ಎದ್ದಳು, ಆದರೆ ನಗಲಿಲ್ಲ. ಮೂರು ವರ್ಷದಲ್ಲಿ ಅವಳು ನನ್ನನ್ನು ನೋಡಿ ನಗದೆ ಇದ್ದದ್ದು ಇದೇ ಮೊದಲು.

ತಾಯಿ ಚಹಾ ಮಾಡಲು ಒಳಗೆ ಹೋದ ಮೇಲೆ ಕೇಳಿದೆ. "ಷರಾ ಮೊದಲ ಓದಿದ್ಯೇನು?"

"ಅಬ್ಬಾ ಪುಸ್ತಕ ತಂದ ಕೂಡ್ಲೆ ಓದಿನ್ರಿ."

"ಮತ್ತ? ಆನಂದ ಸರ್‌ಗೆ ಹೇಳಿದ್ರ ಅವತ್ತ ತಿದ್ದಸ್ತಿದ್ರು."

ಅವಳು ಒಂದು ಎಲೆ ತೆಗೆದುಕೊಂಡು ತೊಟ್ಟು ಮುರಿದಳು. "ಸಿಟ್ಟು ಬಂದಿತ್ರಿ ಸರ್. ಎರಡು ದಿನ ಯಾರ ಜೋಡೀನೂ ಮಾತಾಡಲಿಲ್ಲ. ಹರದ ಒಗೀಲೇನು ಅನಿಸಿತ್ರಿ ಪುಸ್ತಕಾನ. ಆದ್ರ ಅರ್ಧಾ ಖರೇ ಐತಲ್ರಿ ಅದು. ನಾ ತಗೊಂಡಿದ್ದು ಖರೇ. ಉಳದ ಅರ್ಧಾ ನಿಮ್ಮ ಕಡೆ ಐತಿ."

"ಸಂದರ್ಶನದಾಗ ಕೇಳಿದ್ರೇನು?"

"ಅದನ್ನ ಮೊದಲ ಕೇಳಿದ್ರಿ. ಹೌದ್ರಿ, ನಾ ತಗೊಂಡೆ ಅಂದೆ. ಯಾಕ ಅಂದ್ರು. ಯಾಕಂತ ಲೋಹಿತ್ ಸರ್‌ನ ಕೇಳ್ರಿ, ಅವರು ಹೇಳ್ತಾರ ಅಂದೆ."

"ನೀನ ಹೇಳಬಹುದಿತ್ತಲ್ಲ. ಸರ್ ಅಂಜಿ ಕುಂತಿದ್ರು ಅಂತ."

"ಅಷ್ಟು ಮಂದಿ ಮುಂದ ನಾ ಹೆಂಗ ಹೇಳ್ಲಿ ಸರ್? ಹೇಳಿದ್ರೂ ಅವರು ನಂಬತಿದ್ದಿಲ್ರಿ. ನನ್ನ ಗಂಟಿ ಎಷ್ಟು, ನಿಮ್ಮ ಗಂಟಿ ಎಷ್ಟು!"

ಕೋಲನ್ನು ಕುರ್ಚಿಗೆ ಒರಗಿಸಿದೆ. ಆಮೇಲೆ ನನ್ನ ಬಾಯಿಂದ ತಾನಾಗಿ ಬಂತು. "ಹೊಟ್ಟಿಕಿಚ್ಚಿಗೆ ಬರದೆ ಗುಲ್ನಾರ."

"ಗೊತ್ತೈತ್ರಿ," ಎಂದಳು. ಎಲೆಯ ಕಟ್ಟಿಗೆ ದಾರ ಸುತ್ತುತ್ತ, "ನನಗೂ ಇತ್ರಿ ನಿಮ್ಮ ಮ್ಯಾಲೆ. ನೀವು ಪುಸ್ತಕ ಟೇಬಲ್ ಮ್ಯಾಲೆ ಬಿಟ್ಟ ಹೋದಾಗ ಕದ್ದ ತಗದ ನೋಡತಿದ್ನಿ. ಒಂಬೈನೂರು! ನನಗ ಯಾವಾಗ ಆಕ್ಕತಿ ಅಂತ ಸಂಕಟ ಆಗತಿತ್ತು," ಎಂದಳು.

ನಗು ಬರಬೇಕಿತ್ತು. ಬ್ಯಾಡ ಬ್ಯಾಡ ಎಂದರೂ ಕುಲಸುಮಬಿ ಎರಡನೆಯ ಕಪ್ಪು ಸುರಿದಳು. ಹೊರಡುವಾಗ ಗುಲ್ನಾರ ಬಸ್ ಸ್ಟ್ಯಾಂಡಿನವರೆಗೆ ಬಂದು ಬಸ್ಸು ಹತ್ತಿಸಿದಳು. ಫಾರ್ಮಿನ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಏನು ಬರೆಯುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಡಿಸೆಂಬರ್ 12, ಶುಕ್ರವಾರ

ಬೆಳಿಗ್ಗೆ ಫಾರ್ಮು ಪ್ರಿಂಟ್ ಮಾಡಿಸಿ ತಂದೆ. ಎರಡು ಪುಟ, ಆರು ಪ್ರಶ್ನೆ. ಕೈಯಲ್ಲೇ ತುಂಬಬೇಕು.

ಮೊದಲ ಪ್ರಶ್ನೆ, ಅಂದು ಏನಾಯಿತು. ಒಂದು ತಾಸು ಕುಳಿತೆ. ಆದೇಶವಿಲ್ಲದೆ ಎಂದು ಬರೆದು ಮುಗಿಸಿದರೆ ಫೆಬ್ರವರಿಯಲ್ಲಿ ಆ ಕೆಲಸ ನನ್ನದಾಗುತ್ತದೆ. ಎಂಟು ವರ್ಷ ಕಾದಿದ್ದೇನೆ, ನನಗೂ ಮೂವತ್ತೆರಡು. ಯಾರೂ ನನ್ನನ್ನು ಕೇಳುವುದಿಲ್ಲ. ಅವಳಂತೂ ಕೇಳುವುದಿಲ್ಲ, ಅದೇ ಪೀಕಲಾಟ.

ಬರೆದೆ. ವಿಮಾನ ಪುಟಿದಾಗ ನಾನು ಹೆದರಿ ಕೈ ಆಡಿಸಲಿಲ್ಲ. ಅವಳು ಕಂಟ್ರೋಲ್ ಕೇಳಿದಳು. ಯು ಹ್ಯಾವ್ ಕಂಟ್ರೋಲ್ ಎಂದು ನಾನೇ ಹೇಳಿ ಬಿಟ್ಟುಕೊಟ್ಟೆ. ನೆನಪಿಲ್ಲ ಎಂದು ಈ ಡೈರಿಯಲ್ಲಿ ಬರೆದದ್ದು ಸುಳ್ಳು. ಆ ಎರಡು ಸೆಕೆಂಡಿನಲ್ಲಿ ನನಗೆ ಸರಿಯಾಗಿ ನೆನಪಿರುವುದು ಆ ಮಾತೊಂದೇ. ಅವಳು ತೆಗೆದುಕೊಳ್ಳದಿದ್ದರೆ ಇಬ್ಬರೂ ಆ ಹುಲ್ಲಿನಲ್ಲಿರುತ್ತಿದ್ದೆವು. ಷರಾದಲ್ಲಿ ಅರ್ಧ ಮಾತ್ರ ಬರೆದದ್ದು ನನ್ನ ತಪ್ಪು.

ಎರಡರಿಂದ ಐದು ಸುಲಭ. ಹೌದು, ಇಲ್ಲ, ಹೌದು, ಹೌದು.

ಆರನೆಯದಕ್ಕೆ ಬಂದು ನಿಂತೆ. ಈ ಅಭ್ಯರ್ಥಿ ನಡೆಸುವ ವಿಮಾನದಲ್ಲಿ ನಿಮ್ಮ ಸ್ವಂತ ಮನೆಯವರನ್ನು ಕೂರಿಸುತ್ತೀರಾ?

ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಿಗೆ ಒರಗಿ ಕೇಳಿದೆ. "ಅವ್ವಾ, ಗುಲ್ನಾರ ಓಡಿಸೋ ವಿಮಾನದಾಗ ಕುಂದರ್ತಿಯೇನು?"

"ಯಾಕ, ಸಿಕ್ಕತೇನು ಆಕಿಗೆ ಕೆಲಸ?"

"ಸಿಕ್ಕರ ಅಂತ ತಿಳಕೋ."

"ನಾಳೇನ ಕುಂದರ್ತೇನಿ," ಎಂದಳು. ರೊಟ್ಟಿ ತಿರುವಿ ಹಾಕಿ, ಹೆಂಚಿನ ಕಡೆಯೇ ನೋಡುತ್ತ, "ನಿನ್ನ ಹಾದಿ ಕಾಕೋಂತ ಕುಂತ್ರ ವಿಮಾನ ಹತ್ತೂದು ನನ್ನ ಹಣ್ಯಾಗ ಬರದಿಲ್ಲ ಬಿಡು," ಎಂದಳು. ಚಾಷ್ಟಿಗೆ ಅಂದಳೋ ಖರೇ ಅಂದಳೋ ಕೇಳುವ ಧೈರ್ಯವಾಗಲಿಲ್ಲ.

ಹೊರಗೆ ಬಂದು ಬರೆದೆ. ಹೌದು. ನನ್ನ ತಾಯಿ ಉಡಚವ್ವ ಈವರೆಗೆ ವಿಮಾನ ಹತ್ತಿಲ್ಲ. ಆಕೆಯನ್ನು ಮೊದಲ ಸಲ ಕೂರಿಸುವುದಾದರೆ ಈ ಹುಡುಗಿ ನಡೆಸುವ ವಿಮಾನದಲ್ಲಿ ಕೂರಿಸುತ್ತೇನೆ.

ಅವ್ವನನ್ನು ಮೊದಲ ಸಲ ಮೇಲೆ ಒಯ್ಯುವವನು ನಾನೇ ಆಗಬೇಕೆಂದಿದ್ದೆ. ಇಷ್ಟು ವರ್ಷ ಅದನ್ನು ಅವ್ವನಿಗೂ ಹೇಳಿರಲಿಲ್ಲ. ಆ ಸಾಲು ಬರೆದು ಮುಗಿಸುವಾಗ ಹೊಟ್ಟೆ ಉರಿದಷ್ಟು ಈ ಆರು ವಾರದಲ್ಲಿ ಒಂದು ದಿನವೂ ಉರಿದಿರಲಿಲ್ಲ. ಹೊಡೆದುಹಾಕಲಿಲ್ಲ.